ಹೆಡ್‌ಲೈಟಿನೊಳಗೆ ಹಬೆ ಕೂತ ಹಳೆಯ ಲಕ್ಷುರಿ ಎಸ್‌ಯುವಿ ಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: ಕಾರವಾರದಲ್ಲಿ ಕೆಲಸ, ಬೆಂಗಳೂರಿನಲ್ಲಿ ಆರು ವರ್ಷ ಹಳೆಯ ಲಕ್ಷುರಿ ಎಸ್‌ಯುವಿಯೊಂದು ಹೊಸ ಕ್ರೆಟಾದ ದರಕ್ಕೆ ಸಿಗುತ್ತಿದೆ, ಎಡಗಡೆ ಹೆಡ್‌ಲೈಟಿನ ಒಳಗೆ ಸ್ವಲ್ಪ ಹಬೆ ಕಾಣುತ್ತದೆ, ಮಾರುವವರು ‘ಅದು ಮಾಮೂಲಿ’ ಅನ್ನುತ್ತಾರೆ. ಹೆಡ್‌ಲೈಟ್ ಹೋದರೆ ಲಕ್ಷಗಟ್ಟಲೆ ಅನ್ನುವುದು ನಿಜವಾ?

ನಿಜ. ನಾನು ಶಿರಸಿಯವನು, ಇಂಥದ್ದೇ ಗಾಡಿಯನ್ನು ಇಂಥದ್ದೇ ಆಸೆಗೆ ಬಿದ್ದು ತಂದವನು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಉತ್ತರದ ಕೆಳಗೆ ಬೇರೆಯದೇ ಜಗಳ ಶುರುವಾಗುತ್ತದೆ, ಅಲ್ಲದೆ ಈ ತೊಂದರೆ ಯಾವುದೋ ಒಂದು ಕಂಪನಿಯದೂ ಅಲ್ಲ.

2023ರ ಜುಲೈ, ರಾತ್ರಿ ಎಂಟರ ಹೊತ್ತು. ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದೆ, ಜೊತೆಗೆ ಹೆಂಡತಿ ಮತ್ತು ಆಯಿ. ದೇವಿಮನೆ ಘಟ್ಟದಲ್ಲಿ ಮಂಜು, ಮಳೆ ಎರಡೂ. ಮೀಟರಿನಲ್ಲಿ ಹಳದಿ ಅಕ್ಷರದ ಎಚ್ಚರಿಕೆ ಬಂತು, ಎಡಗಡೆ ದೀಪ ಎರಡು ಸಲ ಮಿಣುಕಿ ಆರಿತು. ಒಂದೇ ದೀಪದಲ್ಲಿ ನಿಧಾನ ಇಳಿಯೋಣ ಅಂದುಕೊಂಡರೆ ಬಲಗಡೆಯದು ಉರಿಯುತ್ತಿದೆ, ಆದರೆ ಬೆಳಕೆಲ್ಲ ಬಾನೆಟ್ಟಿನ ಬುಡದಲ್ಲೇ ಬಿದ್ದಿದೆ. ಕಾರಣ ಆಮೇಲೆ ತಿಳಿಯಿತು. ತಿರುವಿಗೆ ತಕ್ಕಂತೆ ತಿರುಗುವ, ಭಾರಕ್ಕೆ ತಕ್ಕಂತೆ ಏರಿಳಿಯುವ ಈ ದೀಪಗಳಲ್ಲಿ ದೋಷ ಕಂಡರೆ, ಎದುರಿಂದ ಬರುವವರ ಕಣ್ಣಿಗೆ ಹೊಡೆಯಬಾರದು ಅಂತ ಗಾಡಿ ತಾನೇ ಬೆಳಕನ್ನು ಕೆಳಗಿಳಿಸಿಬಿಡುತ್ತದಂತೆ. ಜರ್ಮನಿಯ ಹೆದ್ದಾರಿ ಆಟೋಬಾನಿಗೆ ಸರಿ ಇರಬಹುದು, ದೇವಿಮನೆಗೆ ಅಲ್ಲ. ಹಿಂದಿಂದ ಬಂದ ಕುಮಟಾ ಬಸ್ಸಿಗೆ ದಾರಿ ಬಿಟ್ಟು, ಅದರ ಹಿಂಬದಿಯ ಕೆಂಪು ದೀಪವನ್ನೇ ನೋಡಿಕೊಂಡು ಕತಗಾಲ ಮುಟ್ಟಿದೆವು. ಅಲ್ಲಿಯವರೆಗೆ ತುಟಿ ಬಿಚ್ಚದ ಆಯಿ ಚಹಾ ಕುಡಿಯುತ್ತ ಹೇಳಿದ್ದು ಒಂದೇ ಮಾತು: “ತಮಾ, ನಮ್ಮ ಓಮ್ನಿನೇ ಚಲೋ ಇತ್ತು.”

ಮರುದಿನ ಕುಮಟಾದಲ್ಲಿ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಬಾನೆಟ್ ಎತ್ತಿ, ಟಾರ್ಚು ಬಿಟ್ಟು ಹಿಂದಿನಿಂದ ಕೈ ಹಾಕಿ ತಡವಿ ನೋಡಿದರು. “ಎಂತ ಮಾಡೂದ್ರಾ ಹೆಗಡೇರೇ, ತೆಗೆದು ಹಾಕೂಕೆ ಇದ್ರಲ್ಲಿ ಬಲ್ಬೇ ಇಲ್ಲ.” ಓಮ್ನಿಯಲ್ಲಾದರೆ ಬಲ್ಬು ಕೆಲವು ನೂರು ರೂಪಾಯಿ, ಕೆಲಸ ಹತ್ತು ನಿಮಿಷ. ಇಲ್ಲಿ ಡೂಮ್, ಅಂದರೆ ಹೆಡ್‌ಲೈಟಿನ ಇಡೀ ಘಟಕ, ಹೊರಗೆ ತೆಗೆಯಬೇಕಾದರೆ ಮುಂದಿನ ಬಂಪರನ್ನೇ ಬಿಚ್ಚಬೇಕು. ಮಧ್ಯಾಹ್ನದ ಹೊತ್ತಿಗೆ ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದರು. ಡೂಮಿನ ತಳದಲ್ಲಿ ಅಂಗೈ ಅಗಲದ ಅಲ್ಯುಮಿನಿಯಂ ಡಬ್ಬಿಯೊಂದು ಸ್ಕ್ರೂ ಹಾಕಿ ಕೂರಿಸಿತ್ತು, ಎಲ್‌ಇಡಿಗಳಿಗೆ ಕರೆಂಟು ಅಳೆದು ಕೊಡುವ ಡ್ರೈವರ್ ಮಾಡ್ಯೂಲ್. ಅದರ ಪಿನ್ನುಗಳ ಮೇಲೆ ದೇವರ ಮನೆಯ ತೊಳೆಯದ ತಾಮ್ರದ ಚೊಂಬಿನ ಹಾಗೆ ಹಸಿರು ಕಿಲುಬು. ಡೂಮನ್ನು ಗಾಡಿಗೆ ಬಿಗಿಯುವ ಮೇಲ್ಗಡೆಯ ಒಂದು ಕಿವಿ ಯಾವಾಗಲೋ ಮುರಿದು ಅಂಟಿಸಿದ್ದು, ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ನಾನು ಕೊಳ್ಳುವ ಮೊದಲೇ ಆ ಮೂಲೆಗೆ ಪೆಟ್ಟು ಬಿದ್ದಿತ್ತು. ಬಿರುಕಿನಿಂದ ಇಳಿದ ನೀರು ತಳಕ್ಕೆ ಹೋಗಿ ಕೂತಿದೆ, ತಳದಲ್ಲೇ ಮಾಡ್ಯೂಲ್ ಇದೆ. ಕೊಳ್ಳುವಾಗ ನನಗೂ ಹಬೆ ಕಂಡಿತ್ತು, ನನಗೂ ‘ಮಾಮೂಲಿ’ ಅಂದಿದ್ದರು.

ಈ ಮಾಮೂಲಿಯಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಮೋಸ ಹೋಗುತ್ತೇವೆ. ಹೆಡ್‌ಲೈಟು ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಬಿಸಿಯಾದಾಗ ಒಳಗಿನ ಗಾಳಿ ಹೊರಗೆ ಹೋಗಲು, ತಣ್ಣಗಾದಾಗ ಒಳಗೆ ಬರಲು ಸಣ್ಣ ಉಸಿರುಕಂಡಿ ಇರುತ್ತದೆ. ಗಾಳಿಯ ಜೊತೆ ತೇವವೂ ಬರುತ್ತದೆ, ಥಂಡಿ ಗಾಜಿಗೆ ಹಬೆ ಕೂರುತ್ತದೆ. ಹಳೆಯ ಹ್ಯಾಲೊಜೆನ್ ಬಲ್ಬು 55 ವ್ಯಾಟಿನದು, ಬಹುಪಾಲು ಶಾಖವೇ, ಅದೂ ಬೆಳಕಿನ ಜೊತೆ ಮುಂದಕ್ಕೇ ಬರುತ್ತಿತ್ತು. ದೀಪ ಹಚ್ಚಿಕೊಂಡು ಓಡಿಸಿದರೆ ಗಾಜು ತಾನೇ ಒಣಗುತ್ತಿತ್ತು. ಎಲ್‌ಇಡಿಯ ಶಾಖ ಹಿಂಬದಿಯ ಹೀಟ್‌ಸಿಂಕಿಗೆ (ಶಾಖ ಹೀರುವ ಲೋಹದ ತುಂಡಿಗೆ) ಹೋಗುತ್ತದೆ, ಮುಂದಿನ ಗಾಜು ತಣ್ಣಗೇ ಉಳಿಯುತ್ತದೆ. ಅದಕ್ಕೇ ಹಬೆ ಆರುವುದು ನಿಧಾನ. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಒಣಗಲು ಪುರಸೊತ್ತೇ ಇಲ್ಲ. ಕಾರವಾರದಲ್ಲಿ ಉಪ್ಪುಗಾಳಿ ಬೇರೆ, ಕನೆಕ್ಟರಿನ ಪಿನ್ನಿಗೆ ಅದಕ್ಕಿಂತ ವೈರಿ ಇಲ್ಲ. ಬೆಂಗಳೂರಿನಲ್ಲಿ ಬರೀ ಹಬೆಯಾಗಿದ್ದದ್ದು ಇಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿಲುಬಾಗುತ್ತದೆ.

ಖರ್ಚಿನ ಮಾತು. ಗೋವಾದ ಅಧಿಕೃತ ಸರ್ವಿಸಿನಲ್ಲಿ ಎಸ್ಟಿಮೇಟ್ ಕೊಟ್ಟದ್ದು 2,34,000 ರೂಪಾಯಿ, ಒಂದೇ ಬದಿಗೆ. ಬಂಪರ್ ಬಿಚ್ಚಿ ಕೂರಿಸುವ ಕೂಲಿ, ಹೊಸ ದೀಪವನ್ನು ಗಾಡಿಯ ಕಂಪ್ಯೂಟರಿಗೆ ಪರಿಚಯ ಮಾಡಿಸುವ ಕೋಡಿಂಗ್, ಜಿಎಸ್‌ಟಿ ಎಲ್ಲ ಸೇರಿ. ಮಾಡ್ಯೂಲ್ ಒಂದನ್ನೇ ಕೊಡಿ ಅಂದರೆ ‘ನಮ್ಮಲ್ಲಿ ಡೂಮ್ ಪೂರ್ತಿ ಬದಲಿಸುವುದು ಮಾತ್ರ’ ಅಂದರು. ನಾನು ಗಾಡಿ ತಂದದ್ದು ಅದರ ಹೊಸ ದರದ ಕಾಲು ಭಾಗಕ್ಕೆ. ಡೂಮಿಗೆ ಆ ರಿಯಾಯಿತಿ ಇಲ್ಲ, ಅದರ ಬೆಲೆ ಇವತ್ತಿಗೂ ಶೋರೂಮಿನಿಂದ ಹೊಸದಾಗಿ ಹೊರಬಂದ ಗಾಡಿಯದ್ದೇ. ಸೆಕೆಂಡ್ ಹ್ಯಾಂಡ್ ಲಕ್ಷುರಿ ಕೊಳ್ಳುವಾಗ ನನ್ನ ಹಾಗೆ ಎಷ್ಟೋ ಜನ ಮರೆಯುವ ಲೆಕ್ಕ ಇದು.

ಇನ್ಶೂರೆನ್ಸಿನವರು ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಅಪಘಾತವಾಗದೆ ತಾನೇ ಕೆಟ್ಟ ವಿದ್ಯುತ್ ಭಾಗ ಮಾಮೂಲಿ ಪಾಲಿಸಿಗೆ ಬರುವುದಿಲ್ಲ. ಎಮ್ಮೆ ಅಡ್ಡ ಬಂದು ಒಡೆದಿದ್ದರೆ ಬರುತ್ತಿತ್ತು, ಆಗಲೂ (ಗಾಜು ಅಂತ ಕರೆದರೂ ಅದು ಪ್ಲಾಸ್ಟಿಕ್ಕೇ) ಪ್ಲಾಸ್ಟಿಕ್ ಭಾಗ ಅಂತ ಸವಕಳಿಯ ಲೆಕ್ಕದಲ್ಲಿ ಅರ್ಧ ಕಡಿತ. ಸವಕಳಿ ಕಡಿಯದ ‘ಝೀರೋ ಡೆಪ್’ ಪಾಲಿಸಿ ಇದ್ದರೆ ಆ ಕಡಿತ ತಪ್ಪುತ್ತದೆ, ಆದರೆ ಐದು ವರ್ಷ ದಾಟಿದ ಗಾಡಿಗೆ ಅದನ್ನು ಕೊಡಲು ಹೆಚ್ಚಿನವರು ಹಿಂದೇಟು ಹಾಕುತ್ತಾರೆ. ನಿಮ್ಮದು ಆರು ವರ್ಷದ್ದು, ಮೊದಲೇ ವಿಚಾರಿಸಿ.

ಕೊನೆಗೆ ಡೂಮನ್ನು ಕಂಬಳಿಯಲ್ಲಿ ಸುತ್ತಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರಸ್ತೆಗೆ ಒಯ್ದೆ. ಅಂಚಿಗೆ ಬಿಸಿ ಕೊಟ್ಟು ಗಾಜು ಬಿಡಿಸಿ, ಬಿರುಕು ಮುಚ್ಚಿ, ಹೊಸ ಬ್ಯುಟೈಲ್ ಅಂಟು ಹಾಕಿ, ಬೇರೆ ಮಾಡ್ಯೂಲ್ ಕೂರಿಸಿ ಕೊಟ್ಟರು. ಕೋಡಿಂಗ್‌ಗೆ ಇನ್ನೊಬ್ಬರು. ಎಲ್ಲ ಸೇರಿ 41,000, ಮೂರು ಸಲ ಓಡಾಟ. ಎರಡು ಮಳೆಗಾಲ ದಾಟಿದೆ, ಉರಿಯುತ್ತಿದೆ. ಹಾಗಂತ ಇದು ಎಲ್ಲರಿಗೂ ಆಗುವ ದಾರಿ ಅನ್ನಲಾರೆ: ಗಾಜು ಬಿಡಿಸುವಾಗ ಒಡೆದರೆ ಜವಾಬ್ದಾರಿ ನಿಮ್ಮದೇ ಅಂತ ಮೊದಲೇ ಹೇಳಿಸಿಕೊಂಡೇ ಕೆಲಸ ಹಿಡಿಯುತ್ತಾರೆ.

ಈಗ ನಿಮ್ಮ ಗಾಡಿಯ ವಿಷಯ. ಬೆಂಗಳೂರಿಗೆ ಹೋದಾಗ ಇಂಜಿನ್ ಶಬ್ದ ಕೇಳುವ ಮೊದಲು ದೀಪ ನೋಡಿ. ಡಿಪ್ ಹಚ್ಚಿಕೊಂಡು ಒಂದು ತಾಸು ಓಡಿಸಿ. ತೆಳು ಹಬೆ ಅಂಚಿಗೆ ಸರಿದು ಕರಗಿದರೆ ಸರಿ. ಹನಿ ಹನಿಯಾಗಿ ನಿಂತರೆ, ತಳದಲ್ಲಿ ನೀರಿನ ಗೆರೆ ಕಂಡರೆ, ಸೋರಿಕೆ ಇದೆ. ಎಡ-ಬಲದ ಡೂಮುಗಳ ಲೇಬಲ್ಲು ಹೋಲಿಸಿ ನೋಡಿ, ತಯಾರಿಕೆಯ ಕಾಲ ಬೇರೆ ಬೇರೆ ಇದ್ದರೆ ಒಂದು ಬದಲಾಗಿದೆ ಎಂದರ್ಥ, ಯಾಕೆ ಬದಲಾಯಿತು ಕೇಳಿ. ಒಂದೇ ಬದಿಗೆ ಹಬೆ ಇರುವುದು ನನಗೆ ಹಿಡಿಸುತ್ತಿಲ್ಲ. ಹವೆಯಿಂದ ಆಗಿದ್ದರೆ ಎರಡಕ್ಕೂ ಆಗಬೇಕಿತ್ತಲ್ಲ? ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ, ಡ್ಯಾಶ್‌ಬೋರ್ಡಿನಲ್ಲಿ ಏನೂ ತೋರಿಸದಿದ್ದರೂ ಹಿಂದೆ ಬಂದು ಹೋದ ದೋಷದ ಕೋಡು ಒಳಗೆ ಉಳಿದಿರುತ್ತದೆ. ನೋಡುವ ಹಿಂದಿನ ರಾತ್ರಿಯೇ ಅಳಿಸಿದ್ದರೆ ಮಾತ್ರ ಸಿಗುವುದಿಲ್ಲ.

ಮಾರುವವರು ಖಾಸಗಿ ವ್ಯಕ್ತಿಯೋ ಡೀಲರೋ ಬರೆದಿಲ್ಲ. ಡೀಲರ್ ಆದರೆ ‘ಹೆಡ್‌ಲೈಟ್ ಸರಿ ಇದೆ’ ಎಂಬ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮುಂದೆ ತಕರಾರಾದರೆ ಎರಡು ವರ್ಷದೊಳಗೆ ನಿಮ್ಮ ಕಾರವಾರದಲ್ಲೇ ಇರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲೇ ನಡೆಯುತ್ತದೆ. ಖಾಸಗಿಯವರಾದರೆ ಆ ದಾರಿ ಹೆಚ್ಚುಕಡಿಮೆ ಇಲ್ಲ.

ನಾನಾಗಿದ್ದರೆ ಒಂದು ಡೂಮಿನ ಅಧಿಕೃತ ಎಸ್ಟಿಮೇಟ್ ತರಿಸಿ, ಅಷ್ಟನ್ನೂ ದರದಲ್ಲಿ ಇಳಿಸಿದರೆ ಮಾತ್ರ ಮುಂದಿನ ಮಾತಿಗೆ ಕೂರುತ್ತಿದ್ದೆ. ಇಳಿಸದಿದ್ದರೆ ಎದ್ದು ಬರುತ್ತಿದ್ದೆ. ಅಂದಹಾಗೆ ಪ್ರಶ್ನೆಯ ಜೊತೆ ನೀವು ಹಾಕಿದ ಫೋಟೊ ಹಗಲಿನದು, ದೀಪ ಆರಿಸಿದ್ದು. ಒಂದು ತಾಸು ಓಡಿಸಿದ ಮೇಲೆ ತೆಗೆದದ್ದನ್ನು ಹಾಕಿ, ತಳದ ಮೂಲೆ ಕಾಣುವ ಹಾಗೆ. ಕುಮಟಾದ ಎಲೆಕ್ಟ್ರಿಷಿಯನ್‌ಗೂ ತೋರಿಸಿ ಹೇಳುತ್ತೇನೆ.