ಪ್ರತಿಕ್ರಿಯೆ: ಹತ್ತೂವರೆಗೆ ಮಲಗಿದ್ರೂ ಒಂದರ ತನಕ ನಿದ್ದಿ ಹತ್ತವಲ್ದು

ಮಲಗಿದ್ರೂ ನಿದ್ದಿ ಹತ್ತವಲ್ದಂತ ನೀವು ಬರೆದದ್ದು ನೋಡಿದ್ರ ಕಾರಣ ಎರಡು ಅನಸ್ತದ, ಮ್ಯಾಲಿನ ಮಹಡಿ ಸ್ಲ್ಯಾಬಿನ ಕಾವು, ಮತ್ತ ಸಂಜಿ ಏಳಕ್ಕ ಕುಡಿಯೋ ಚಾ. ಸ್ಲ್ಯಾಬ್ ಹಗಲೆಲ್ಲಾ ಬಿಸಲು ಕುಡದು ರಾತ್ರಿ ಅದನ್ನ ಖೋಲ್ಯಾಗ ಬಿಡ್ತದ, ನಿದ್ದಿ ಹತ್ತಬೇಕಂದ್ರ ಮೈ ಸ್ವಲ್ಪ ತಣ್ಣಗಾಗಬೇಕು, ಅದ ಆಗವಲ್ದು. ವಿಜಯಪುರದಾಗ ನಮ್ಮ ಮನೀನೂ ಹಿಂಗ ಇತ್ತು, ರಾತ್ರಿ ಹನ್ನೊಂದಕ್ಕ ಗ್ವಾಡಿಗೆ ಕೈ ಹಚ್ಚಿದ್ರ ಒಲಿ ಆರಿಸಿದ ಮ್ಯಾಲಿನ ಹಂಚಿನಂಗ ಬೆಚ್ಚಗ, ತಲಿದಿಂಬು ತಿರುವಿ ಹಾಕಿದ್ರ ಆ ಕಡೀನೂ ಬಿಸಿ.

ಮೊದಲಿಗೆ, ಚಾ ಕುಡಿಯೂದು ಮಧ್ಯಾಹ್ನ ಮೂರು-ನಾಕರ ಒಳಗ ಮುಗಸ್ರಿ, ಚಾದಾಗಿನ ನಿದ್ದಿ ಕೆಡಸೋ ಕೆಫೀನ್ ಅರ್ಧ ಇಳಿಯಾಕನ ಸುಮಾರು 5-6 ತಾಸು ಬೇಕು. ಆಮ್ಯಾಲೆ ಮಾಳಿಗಿ ಮ್ಯಾಲ ಬಿಳಿ ಸುಣ್ಣ ಎರಡು ಸಲ ಹಚ್ಚಸ್ರಿ, ಸಂಜಿಮುಂದ ನೀರು ಹೊಡದ್ರೂ ತಂಪಾಗ್ತದ ಆದ್ರ ನಮ್ಮ ಕಡೆ ಬ್ಯಾಸಗ್ಯಾಗ ನೀರಿನ ತ್ರಾಸ ಇರ್ತದಲ್ಲ, ಸುಣ್ಣಾನ ಚೊಲೊ. ಪಡುವಲ ಕಿಡಕಿ ಹಗಲು ಮುಚ್ಚಿ ಕತ್ತಲಾದ ಮ್ಯಾಲ ತಗೀರಿ, ಕೂಲರ್ ಹಚ್ಚಿದ್ರಂತೂ ಕಿಡಕಿ ತಗದ ಇರಬೇಕು, ಇಲ್ಲಂದ್ರ ಬರೇ ಸೆಕಿ.

ಮಲಗೂಕಿಂತ ಒಂದು ತಾಸು ಮೊದಲ ಉಗುರುಬೆಚ್ಚಗಿನ ನೀರಿಲೆ ಜಳಕ ಮಾಡ್ರಿ. 20 ನಿಮಿಷ ಆದ್ರೂ ನಿದ್ದಿ ಬರಲಿಲ್ಲಂದ್ರ ಹೊಳ್ಳ್ಯಾಡಕೋತ ಬೀಳಬ್ಯಾಡ್ರಿ, ಎದ್ದು ಮಂದ ಬೆಳಕಿನ್ಯಾಗ ಕೂಡ್ರಿ, ಮೊಬೈಲ್ ಮಾತ್ರ ಮುಟ್ಟಬ್ಯಾಡ್ರಿ. ಎಷ್ಟ ತಡಾ ಮಲಗಿದ್ರೂ ಮುಂಜಾನೆ ದಿನಾ ಒಂದ ಟೈಮಿಗೆ ಏಳ್ರಿ.

ಎರಡು-ಮೂರು ವಾರದಾಗ ಬಹುಶಃ ಫರಕ್ ಕಾಣ್ತದ. ಜೋರು ಗೊರಕಿ, ಉಸಿರು ಕಟ್ಟಿದಂಗಾಗಿ ಎಚ್ಚರಾಗೂದು ಇದ್ರ ಕಾರಣ ಬ್ಯಾರೇನ ಇರಬಹುದು, ಕಾಯಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ.