ಗುಹೆ ಡೈವಿಂಗ್‌ಗೆ ಇಳಿಯುವ ಹೆಂಗಸರಿಗೆ ರೋಲ್ ಮಾಡೆಲ್ ಯಾರು?

ಟೆಕ್ನಿಕಲ್ ಡೈವಿಂಗ್ ಕೋರ್ಸ್ ಮುಗಿಸಿದ್ದೀರಿ, ನೀರು ತುಂಬಿದ ಗುಹೆಯೊಳಗೆ ಈಜುವ ಗುಹೆ ಡೈವಿಂಗ್ ಕಲಿಯೋಕೆ ಹೊರಟಿದ್ದೀರಿ, ತಂಡದಲ್ಲಿ ನೀವೊಬ್ಬರೇ ಹೆಂಗಸು. ಯಾರನ್ನು ಮಾದರಿಯಾಗಿ ಇಟ್ಟುಕೊಳ್ಳಲಿ, ಯಾರೂ ಸಿಗದಿದ್ದರೆ ಮುಂದುವರಿಯಬಹುದಾ ಅಂತ ಕೇಳಿದ್ದೀರಿ. ಥೇಟ್ ನನ್ನದೇ ಹಳೇ ಪ್ರಶ್ನೆ. ವ್ಯತ್ಯಾಸ ಇಷ್ಟೇ, ನನಗೆ ಮಾದರಿ ಸಿಕ್ಕಿದ್ದರು. ನಾನು ಎಡವಿದ್ದು ಸಿಕ್ಕ ಮೇಲೆ.

ಅವರು ದಕ್ಷಿಣ ಆಫ್ರಿಕಾದ ವರ್ನಾ ವ್ಯಾನ್ ಸ್ಕೈಕ್. 2004ರಲ್ಲಿ ಬೂಸ್ಮನ್ಸ್‌ಗಾಟ್ ಅನ್ನೋ ನೀರು ತುಂಬಿದ ಗುಹೆಯಲ್ಲಿ 221 ಮೀಟರ್ ಆಳಕ್ಕೆ ಇಳಿದು ಬಂದರು. ಆಗ ಅದು ಹೆಂಗಸರ ವಿಶ್ವದಾಖಲೆ. (ಈಗಲ್ಲ. ಅದೇ ಗುಹೆಯಲ್ಲಿ ಕ್ಯಾರೆನ್ ವ್ಯಾನ್ ಡೆನ್ ಊವರ್ 2021ರಲ್ಲಿ 236 ಮೀಟರ್, ಮರುವರ್ಷ 246 ಮೀಟರ್ ದಾಟಿದರು.) ಈ ಅಂಕಿಗಳೆಲ್ಲ ನನಗೆ ಬಾಯಿಪಾಠ. ಬೆನ್ನ ಮೇಲೆ ಸಿಲಿಂಡರ್ ಹೊತ್ತು ನಿಂತ ಹೆಂಗಸರ ಫೋಟೊಗಳನ್ನು ನೋಡಿ ನೋಡಿ ತಲೆಯಲ್ಲಿ ಒಂದು ನಿಯಮ ಮಾಡಿಕೊಂಡೆ: ಈ ಲೋಕದಲ್ಲಿ ಹೆಣ್ಣು 'ಆಗಲ್ಲ' ಅನ್ನಬಾರದು. ಅವರ್ಯಾರೂ ಹಾಗೆ ಹೇಳಿರಲಿಲ್ಲ. ಅದು ಪೂರ್ತಿ ನನ್ನ ಸ್ವಂತ ತಯಾರಿ.

ಇನ್ನು ನಡೆದದ್ದು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಬೇಜಾರಾದರೂ ಓದಿ.

ಬೆನ್ನಿಗೆ ಜೋಡಿ ಸಿಲಿಂಡರ್ ಹಾಕಿದಾಗ ತಲೆಯ ಹಿಂದೆ ಮೂರು ವಾಲ್ವ್ ಇರುತ್ತವೆ. ಬಲಕ್ಕೊಂದು, ಎಡಕ್ಕೊಂದು, ನಡುವೆ ಎರಡೂ ಸಿಲಿಂಡರನ್ನು ಬೇರ್ಪಡಿಸುವ ಐಸೊಲೇಟರ್. ಬಾಯಲ್ಲಿರುವ ರೆಗ್ಯುಲೇಟರ್ (ಉಸಿರಾಡುವ ಸಾಧನ) ಸಾಮಾನ್ಯವಾಗಿ ಬಲಗಡೆಯ ವಾಲ್ವ್‌ಗೆ ಸೇರಿದ್ದು. ಅದು ಕೆಟ್ಟು ಗಾಳಿ ಸುರಿಯತೊಡಗಿದರೆ ಬಲ ವಾಲ್ವ್ ಮುಚ್ಚಿ, ಕೊರಳಲ್ಲಿ ತೂಗುವ ಇನ್ನೊಂದು ರೆಗ್ಯುಲೇಟರ್ ಬಾಯಿಗಿಡಬೇಕು. ಬೇಗ ಮುಚ್ಚಿದರೆ ಎರಡೂ ಸಿಲಿಂಡರಿನಲ್ಲಿ ಉಳಿದ ಗಾಳಿ ನಿಮ್ಮದೇ. ಮುಚ್ಚದಿದ್ದರೆ ಕೆಲವೇ ನಿಮಿಷದಲ್ಲಿ ಎರಡೂ ಖಾಲಿ. ಹೊರಗಿನ ಸಮುದ್ರದಲ್ಲಾದರೆ ಕೊನೇಪಕ್ಷ ಮೇಲಕ್ಕೆ ದಾರಿ ಇದೆ. ಗುಹೆಯಲ್ಲಿ ಮೇಲಿರೋದು ಕಲ್ಲು. ಬಂದ ದಾರಿಯಲ್ಲೇ, ಲೈನ್ (ದಾರಿ ಗುರುತಿಗೆ ಕಟ್ಟಿದ ಹಗ್ಗ) ಹಿಡಿದೇ ವಾಪಸ್ ಹೋಗಬೇಕು.

ನಾನು ಕೋರ್ಸ್ ಮಾಡಿದ್ದು ಬೆಚ್ಚಗಿನ ನೀರಿನಲ್ಲಿ, ತೆಳು ಸೂಟಿನಲ್ಲಿ. ಅಲ್ಲಿ ಮೂರೂ ವಾಲ್ವ್ ಕೈಗೆ ಸಿಗುತ್ತಿದ್ದವು. ತಣ್ಣೀರಿಗೆ ಬಂದು ನೀರು ಒಳಗೆ ಬಿಡದ ಡ್ರೈಸೂಟ್, ಒಳಗೆ ದಪ್ಪ ಉಡುಪು, ಕೈಗೆ ದಪ್ಪ ಗ್ಲೌಸ್ ಹಾಕಿದ ಮೇಲೆ ಬಲಗಡೆಯದಕ್ಕೆ ಬೆರಳ ತುದಿಯಷ್ಟೇ ತಾಗುತ್ತಿತ್ತು. ತಿರುಗಿಸೋಕೆ ಆಗುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಡೈವ್ ಶುರುವಾಗುವ ಮುಂಚೆ ವಾಲ್ವ್ ಡ್ರಿಲ್ (ವಾಲ್ವ್ ಮುಚ್ಚಿ ತೆರೆದು ನೋಡೋದು) ಮಾಡುವಾಗ ಕೈ ಹಿಂದಕ್ಕೆ ಹಾಕಿ, ಮುಟ್ಟಿ, ಓಕೆ ಅಂತ ಸನ್ನೆ ಮಾಡಿಬಿಡುತ್ತಿದ್ದೆ. ಬಡ್ಡಿ (ಜೊತೆಗೆ ಡೈವ್ ಮಾಡುವ ಸಂಗಾತಿ) ನಂಬುತ್ತಿದ್ದ. ಆಮೇಲೆ ಒಬ್ಬಳೇ ಪ್ರಾಕ್ಟೀಸ್ ಮಾಡಿ ಸರಿ ಮಾಡಿಕೊಳ್ಳೋಣ ಅಂತ ನನ್ನ ಲೆಕ್ಕ. ಈಗಲೇ ಹೇಳಿದರೆ 'ನೋಡು, ಹೆಂಗಸರಿಗೆ ಇದೆಲ್ಲ ಕಷ್ಟ' ಅಂತಾರೆ ಅನ್ನೋ ಭಯ. ವರ್ನಾ ಆಗಿದ್ದರೆ ಹೇಳುತ್ತಿದ್ದರಾ ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ, ನೋಡಿ!

ಒಂದು ಡೈವ್‌ನಲ್ಲಿ, ಗುಹೆಯ ಸಾಕಷ್ಟು ಒಳಗೆ, ಆ ಚಳಿಗೆ ಬಲಗಡೆಯ ರೆಗ್ಯುಲೇಟರ್ ಸುರಿಯತೊಡಗಿತು. ಕೈ ಹಿಂದಕ್ಕೆ ಹೋಯಿತು, ಬೆರಳು ಜಾರಿತು. ಗುಳ್ಳೆಗಳು ಚಾವಣಿಗೆ ಬಡಿದು ಅಲ್ಲಿದ್ದ ಮಣ್ಣೆಲ್ಲ ತಲೆ ಮೇಲೆ ಉದುರಿತು. ಗಡಿಯಾರದ ಮುಳ್ಳು ಕಾಣದಷ್ಟು ನೀರು ಕದಡಿತು. ಲೈಟ್ ಜೋರಾಗಿ ಆಡಿಸಿದೆ. ಬಡ್ಡಿ ತಿರುಗಿ ಬಂದು, ನನ್ನ ತೋಳನ್ನು ಹಿಡಿದು, ಕತ್ತಿನ ಹಿಂದೆ ತಡಕಾಡಿ ವಾಲ್ವ್ ಮುಚ್ಚಿದ. ಲೈನ್ ಹಿಡಿದು ಹೊರಗೆ ಬಂದೆವು. ಒಳಗೆ ಹೋಗೋಕೆ ಮೂರರಲ್ಲೊಂದು ಪಾಲು, ಬರೋಕೆ ಒಂದು ಪಾಲು, ಆಪತ್ತಿಗೆ ಒಂದು ಪಾಲು ಅನ್ನೋ ಗಾಳಿಯ ನಿಯಮ ಇದೆಯಲ್ಲ, ಆ ಮೂರನೇ ಪಾಲೇ ನಮ್ಮನ್ನು ಉಳಿಸಿದ್ದು.

ಮೇಲೆ ಬಂದ ಮೇಲೆ ಅವನಿಗೆ ನಿಜ ಹೇಳಿದೆ. ಬೈಯಲಿಲ್ಲ. "ಗಾಳಿ ಲೆಕ್ಕ ಇಬ್ಬರೂ ಕೂತು ಹಾಕಿದ್ದು. ನಿನ್ನ ಕೈಗೆ ವಾಲ್ವ್ ಸಿಗುತ್ತೆ ಅನ್ನೋದೂ ಆ ಲೆಕ್ಕದಲ್ಲಿತ್ತು" ಅಂದ. ಇದು ನನಗೆ ಅದುವರೆಗೂ ಹೊಳೆದೇ ಇರಲಿಲ್ಲ. ಮುಚ್ಚಿಟ್ಟದ್ದು ನನ್ನ ದೌರ್ಬಲ್ಯ, ಅಪಾಯ ನನ್ನೊಬ್ಬಳದು ಅಂದುಕೊಂಡಿದ್ದೆ. ಅವನ ಪ್ರಾಣವನ್ನೂ ನನ್ನ ಸುಳ್ಳು ಓಕೆಯ ಮೇಲೆ ಇಟ್ಟಿದ್ದೆ. ವಾಲ್ವ್ ಕೈಗೆ ಸಿಗದಿರೋದು ತಪ್ಪಲ್ಲ, ಎಷ್ಟೋ ಗಂಡಸರಿಗೂ ಸಿಗಲ್ಲ. ಸಿಗುತ್ತೆ ಅಂತ ಸನ್ನೆ ಮಾಡಿದ್ದು ತಪ್ಪು. ಆ ಗುಹೆಯ ನಕ್ಷೆ ಮಾಡುವ ಕೆಲಸಕ್ಕೆ ನನ್ನ ಹೆಸರಿತ್ತು, ತೆಗೆದುಹಾಕಿದರು. ಅವರ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿದ್ದೆ.

ಆಮೇಲೆ ದಾರಿ ತೋರಿಸಿದ್ದು ಯಾರು ಗೊತ್ತಾ? ದಾಖಲೆ ಮಾಡಿದ ಹೆಂಗಸಲ್ಲ. ಭುಜ ನೋವಿನ ಒಬ್ಬ ಹಿರಿಯ ಡೈವರ್, ಗಂಡಸು. ನನ್ನ ಸಿಲಿಂಡರ್‌ಗಳನ್ನು ನೋಡಿದವರೇ "ತುಂಬಾ ಕೆಳಗಿವೆಯಲ್ಲಮ್ಮಾ" ಅಂದರು. ಬ್ಯಾಂಡ್ ಸಡಿಲಿಸಿ ಸಿಲಿಂಡರ್ ಸ್ವಲ್ಪ ಮೇಲೆ ಸರಿಸಿದರು, ಭುಜದ ಪಟ್ಟಿ ಸರಿ ಮಾಡಿದರು, ಮೊಣಕೈ ಪಕ್ಕಕ್ಕೆ ಚಾಚದೆ ಕಿವಿಯ ಪಕ್ಕದಿಂದ ನೇರ ಮೇಲಕ್ಕೆ ಎತ್ತೋಕೆ ಹೇಳಿದರು. ಕೈ ತಾಗಿತು. ಶಕ್ತಿಯ ಪ್ರಶ್ನೆಯೇ ಆಗಿರಲಿಲ್ಲ. ಅವರು ಭುಜದ ದೆಸೆಯಿಂದ ಸೈಡ್‌ಮೌಂಟ್‌ಗೆ ಹೋಗಿದ್ದರು. ಅದರಲ್ಲಿ ಸಿಲಿಂಡರ್ ಎರಡೂ ಪಕ್ಕೆಗಳ ಬದಿಗೆ, ವಾಲ್ವ್ ಕಂಕುಳ ಹತ್ತಿರ, ಕಣ್ಣಿಗೂ ಕಾಣುತ್ತೆ, ಕೈಗೂ ಸಿಗುತ್ತೆ. ಒಂದೊಂದೇ ಸಿಲಿಂಡರ್ ನೀರಿಗೆ ಒಯ್ಯಬಹುದು, ಬೆನ್ನೂ ಉಳಿಯುತ್ತೆ. ನಾನೂ ಕೊನೆಗೆ ಅದಕ್ಕೇ ಹೋದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಮಾದರಿ ಹೆಂಗಸೇ ಆಗಬೇಕು ಅಂತಿಲ್ಲ, ಪ್ರಸಿದ್ಧರಂತೂ ಬೇಕಾಗಿಯೇ ಇಲ್ಲ. ಹೆಂಗಸನ್ನೇ ಹುಡುಕಬೇಕಾದ ಜಾಗ ಒಂದಿದೆ: ದೇಹದ ವಿಷಯ. ಗಂಟೆಗಟ್ಟಲೆ ಡ್ರೈಸೂಟಿನಲ್ಲಿದ್ದಾಗ ಮೂತ್ರಕ್ಕೆ ಏನು ಮಾಡೋದು ಅಂತ ಗಂಡು ಇನ್‌ಸ್ಟ್ರಕ್ಟರ್ ಹೇಳೋದೇ ಇಲ್ಲ. ಅವರಿಗೆ ಸೂಟಿನಲ್ಲೇ ನಳಿಕೆ ಇರುತ್ತೆ. ನಾವು ಏನು ಮಾಡುತ್ತೀವಿ? ನೀರು ಕುಡಿಯೋದನ್ನೇ ಬಿಡುತ್ತೀವಿ. ಮೈಯಲ್ಲಿ ನೀರು ಕಡಿಮೆಯಾದರೆ ಡಿಕಂಪ್ರೆಶನ್ ಕಾಯಿಲೆಯ (ಮೇಲೆ ಬರುವಾಗ ಮೈಯಲ್ಲಿ ಗಾಳಿಗುಳ್ಳೆ ಏಳೋದು) ಅಪಾಯ ಜಾಸ್ತಿ ಅಂತ ಎಲ್ಲ ಕೋರ್ಸ್‌ನಲ್ಲೂ ಹೇಳಿಕೊಡ್ತಾರೆ. ಡೈಪರ್ ಹಾಕಿ, ಇಲ್ಲ ಹೆಂಗಸರಿಗಾಗಿಯೇ ಮಾಡಿದ ನಳಿಕೆ ಬಳಸಿ. ನಾಚಿಕೆ ಬೇಡ. ಸೂಟಿನ ಅಳತೆ, ಪಟ್ಟಿ ಎದೆಗೆ ಒತ್ತೋದು, ಇವನ್ನೂ ಹೆಂಗಸರನ್ನೇ ಕೇಳಿ.

ದೊಡ್ಡ ಹೆಸರುಗಳ ಬಗ್ಗೆ ಓದಬೇಡಿ ಅಂತಲ್ಲ. ನಾನು ಈಗಲೂ ಓದುತ್ತೀನಿ, ಆದರೆ ಬೇರೆ ಥರ. 1935ರಲ್ಲಿ ಇಂಗ್ಲೆಂಡಿನ ವೂಕಿ ಹೋಲ್ ಗುಹೆಯಲ್ಲಿ ಪೆನೆಲೊಪಿ ಪೊವೆಲ್ ಲೋಹದ ಹೆಲ್ಮೆಟ್ ಹಾಕಿಕೊಂಡು, ಮೇಲಿಂದ ಪಂಪ್ ಮಾಡಿದ ಗಾಳಿ ಉಸಿರಾಡುತ್ತಾ ತಳದಲ್ಲಿ ನಡೆದು ಹೋದರು. ಅಂದರೆ ಈ ಆಟದ ಮೊದಲ ಪುಟಗಳಲ್ಲೇ ಹೆಂಗಸು ಇದ್ದಾಳೆ, ಯಾರೂ ನಮಗೆ ಜಾಗ ಬಿಟ್ಟುಕೊಡಬೇಕಾಗಿಲ್ಲ. ಬಾರ್ಬರಾ ಆಮ್ ಎಂಡೆ 1994ರಲ್ಲಿ ಮೆಕ್ಸಿಕೊದ ವಾವುಟ್ಲಾ ಗುಹೆಯಲ್ಲಿ ರಿಬ್ರೀದರ್ (ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ ಸಾಧನ) ಹಾಕಿ, ನೀರು ತುಂಬಿದ ಭಾಗ ದಾಟಿ ಆಚೆ ಹೋದರು. ಕೆನಡಾದ ಜಿಲ್ ಹೈನರ್ತ್ ಅಂಟಾರ್ಕ್ಟಿಕದಲ್ಲಿ ಹಿಮಗಡ್ಡೆಯೊಳಗಿನ ಗುಹೆಗೂ ಇಳಿದವರು. ಅವರ ಬಗ್ಗೆ ಓದುವಾಗ ಸಾಹಸಕ್ಕಿಂತ ತಯಾರಿಯ ಭಾಗಗಳನ್ನು ನೋಡಿ.

ಆಸ್ಟ್ರೇಲಿಯಾದ ಆಗ್ನೆಸ್ ಮಿಲೋವ್ಕಾ 2011ರಲ್ಲಿ ಟ್ಯಾಂಕ್ ಕೇವ್ ಅನ್ನೋ ಗುಹೆಯಲ್ಲಿ ತೀರಿಕೊಂಡರು. ಇನ್ನೂ 29 ವರ್ಷ. ಅಪಾರ ಪ್ರತಿಭೆ, ಹೊಸ ದಾರಿಗಳನ್ನು ಹುಡುಕಿದವರು. ಬಡ್ಡಿಯಿಂದ ಬೇರೆಯಾಗಿ ಇಕ್ಕಟ್ಟಾದ ಭಾಗಕ್ಕೆ ಹೋದರು, ಗಾಳಿ ಮುಗಿಯಿತು. ಕೆಲವರು ಅವರ ಹೆಸರನ್ನು ಮಾದರಿಗಳ ಸಾಲಿನಿಂದ ತೆಗೆಯಬೇಕು ಅಂತಾರೆ. ನಾನು ತೆಗೆಯಲ್ಲ. ಅವರ ಕೆಲಸವನ್ನೂ ಓದಿ, ಕೊನೆಯ ಡೈವನ್ನೂ ಓದಿ.

ವರ್ನಾ ಬಗ್ಗೆ ನನಗೆ ಆಗ ಗೊತ್ತಿದ್ದೂ ಗಮನ ಕೊಡದ ವಿಷಯ ಒಂದಿದೆ. ದಾಖಲೆ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. 2005ರ ಜನವರಿಯಲ್ಲಿ ಅದೇ ಬೂಸ್ಮನ್ಸ್‌ಗಾಟ್‌ನಲ್ಲಿ ಡೇವ್ ಶಾ ಅನ್ನೋ ಡೈವರ್, ಹತ್ತು ವರ್ಷ ಹಿಂದೆ ಅಲ್ಲಿ ಸತ್ತ ಯುವಕನ ಶವ ತರೋಕೆ ಇಳಿದರು. ಆ ದಿನ ವರ್ನಾ ನೀರಿಗೆ ಇಳಿಯಲಿಲ್ಲ. ದಡದಲ್ಲಿದ್ದು ಮೇಲುಸ್ತುವಾರಿ ನೋಡಿಕೊಂಡರು. ಯಾರು ಯಾವಾಗ ಇಳಿಯಬೇಕು, ಯಾರು ಎಷ್ಟು ಹೊತ್ತಿಗೆ ಯಾವ ಆಳದಲ್ಲಿರಬೇಕು ಅನ್ನೋ ಕೆಲಸ. ಶಾ ವಾಪಸ್ ಬರಲಿಲ್ಲ. ಅವರ ಜೊತೆಗಾರ ಡಾನ್ ಶರ್ಲಿ ತಲೆಸುತ್ತು, ವಾಂತಿಯ ನಡುವೆ ಗಂಟೆಗಟ್ಟಲೆ ನೀರಿನಲ್ಲೇ ಡಿಕಂಪ್ರೆಶನ್ (ನಿಂತು ನಿಂತು ನಿಧಾನವಾಗಿ ಮೇಲೇರೋದು) ಮುಗಿಸಿ ಬದುಕಿ ಬಂದರು. 221 ಮೀಟರ್ ಇಳಿದವರು ಅವತ್ತು ದಡದ ಕೆಲಸ ಹಿಡಿದದ್ದು ನನಗೆ ಆ ದಾಖಲೆಗಿಂತ ದೊಡ್ಡದು. ಇದನ್ನು ಮೊದಲೇ ಹಿಡಿದುಕೊಂಡಿದ್ದರೆ ಸುಳ್ಳು ಓಕೆ ಮಾಡುತ್ತಿರಲಿಲ್ಲವೇನೋ.

ಒಬ್ಬಳೇ ಅಂತ ನಿಲ್ಲಿಸಬೇಡಿ, ಮುಂದುವರಿಯಿರಿ. ಆದರೆ ದುಡ್ಡು ಕಟ್ಟುವ ಮುಂಚೆ ಎರಡು ಕೆಲಸ ಮಾಡಿ. ಒಂದು, ನಿಜವಾಗಿ ಬಳಸುವ ಸೂಟ್, ಗ್ಲೌಸ್ ಹಾಕಿಕೊಂಡೇ ಮೂರೂ ವಾಲ್ವ್ ಒಂದೊಂದಾಗಿ ಪೂರ್ತಿ ಮುಚ್ಚಿ ತೆರೆದು ತೋರಿಸಿ, ಪಕ್ಕದಲ್ಲಿ ಒಬ್ಬರು ಎಣಿಸಲಿ. ಆಗದಿದ್ದರೆ ಅಲ್ಲೇ ಹೇಳಿ. ಎರಡು, ಆ ತಂಡವನ್ನು ಕೇಳಿ: ಕೊನೇ ಸಲ ಡೈವ್ ಅರ್ಧಕ್ಕೆ ಬಿಟ್ಟು ವಾಪಸ್ ಬಂದದ್ದು ಯಾವಾಗ, ಯಾರು ಬೇಡ ಅಂದರು? ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು ಅನ್ನೋದು ಗುಹೆ ಡೈವಿಂಗ್‌ನ ಹಳೇ ನಿಯಮ. ಹೆಸರು ಹೇಳಿ, ನಗುನಗುತ್ತಾ ಆ ಕಥೆ ಹೇಳುವ ತಂಡ ಸಿಕ್ಕರೆ ಸೇರಿಕೊಳ್ಳಿ. ನಾವು ಯಾವತ್ತೂ ವಾಪಸ್ ಬಂದಿಲ್ಲ ಅಂತ ಎದೆ ತಟ್ಟಿಕೊಂಡರೆ ಬೇರೆ ತಂಡ ನೋಡಿ, ಅಲ್ಲಿ ಎಷ್ಟೇ ಹೆಂಗಸರಿದ್ದರೂ ಸರಿ.