ಜಾರ್ಜ್ ಲೋಪೆಜ್ ಅವರ ಅಜ್ಜಿ

ಅಮೆರಿಕದ ಹಾಸ್ಯಗಾರ ಜಾರ್ಜ್ ಲೋಪೆಜ್ ವೇದಿಕೆ ಮೇಲೆ ಹೇಳುವ ಅಜ್ಜಿಯ ಕಥೆಗಳು ನಿಜವೋ, ಕಟ್ಟಿದ್ದೋ ಅಂತ ಕೇಳಿದ್ದೀರಿ. ಬೇರು ನಿಜವೇ. 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಅವರು ಇನ್ನೂ ಕೂಸಾಗಿದ್ದಾಗಲೇ ಅಪ್ಪ ಬಿಟ್ಟುಹೋದರು, ಹತ್ತು ವರ್ಷವಾದಾಗ ಅಮ್ಮನೂ ಮನೆ ಬಿಟ್ಟರು. ಸಾಕಿದ್ದು ತಾಯಿಯ ತಾಯಿ. ಅಕ್ಕರೆ ತೋರದ, ಮಾತಲ್ಲೇ ಚುಚ್ಚುವ ಹೆಂಗಸು ಅಂತ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆ ನೋವನ್ನೇ ನಗೆಯಾಗಿಸಿದರಲ್ಲ, ನನಗೆ ಅವರಲ್ಲಿ ತುಂಬ ಇಷ್ಟವಾಗುವುದೇ ಅದು. ಕ್ಲಬ್ಬುಗಳಲ್ಲಿ ವರ್ಷಗಟ್ಟಲೆ ದುಡಿದ ಮೇಲೆ, ಅವರ ಕಾರ್ಯಕ್ರಮ ನೋಡಿದ ನಟಿ ಸಾಂಡ್ರಾ ಬುಲಕ್ ಮುಂದೆ ನಿಂತು ಎಬಿಸಿ ವಾಹಿನಿಯಲ್ಲಿ ‘ಜಾರ್ಜ್ ಲೋಪೆಜ್’ ಅನ್ನುವ ಹಾಸ್ಯ ಧಾರಾವಾಹಿ ಮಾಡಿಸಿದರು. 2002ರಿಂದ 2007ರವರೆಗೆ 120 ಕಂತು. ಅದರಲ್ಲಿ ಬರುವ ಒರಟು ತಾಯಿ ಬೆನ್ನಿಯಲ್ಲಿ ಇದೇ ಅಜ್ಜಿಯ ನೆರಳಿದೆ. ಧಾರಾವಾಹಿ ನಡೆಯುತ್ತಿರುವಾಗಲೇ, 2005ರಲ್ಲಿ, ಲೋಪೆಜ್ ಅವರ ಕಿಡ್ನಿ ಕೈಕೊಟ್ಟಿತು; ಆಗಿನ ಹೆಂಡತಿ ಆನ್ ತಮ್ಮದೊಂದನ್ನು ಕೊಟ್ಟರು. ಧಾರಾವಾಹಿಯನ್ನು ಮೊದಲ ಸೀಸನ್ನಿಂದಲೇ ನೋಡಿ.